ಉಳಿತಾಯ ಖಾತೆಯಿಂದ ಎಷ್ಟು ತೆಗೆಯಬಹುದು, ಎಷ್ಟು ಕಳುಹಿಸಬಹುದು: ಯಾವ ಕೆಲಸಕ್ಕೆ ಯಾವ ದಾರಿ

ಉಳಿತಾಯ ಖಾತೆ ತೆರೆಯುವಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎರಡೇ: ಬಡ್ಡಿ ಎಷ್ಟು, ಕನಿಷ್ಠ ಎಷ್ಟು ಹಣ ಉಳಿಸಿರಬೇಕು. ಇವೆರಡಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಬೇಕೆಂದ ದಿನ, ಬೇಕೆಂದ ಹೊತ್ತಿನಲ್ಲಿ ಈ ಖಾತೆಯಿಂದ ಎಷ್ಟು ಹಣ ಹೊರಗೆ ಬರುತ್ತದೆ?

ಬಡ್ಡಿಯ ಲೆಕ್ಕವನ್ನೇ ನೋಡೋಣ. 2025ರ ಜೂನ್‌ನಲ್ಲಿ ಸ್ಟೇಟ್ ಬ್ಯಾಂಕ್ ಸೇರಿದಂತೆ ದೊಡ್ಡ ಬ್ಯಾಂಕುಗಳು ಉಳಿತಾಯ ಖಾತೆಯ ಬಡ್ಡಿಯನ್ನು ಶೇ 2.5ಕ್ಕೆ ಇಳಿಸಿದವು. ಆಗಲೂ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಶೇ 4 ಬಡ್ಡಿ ಇತ್ತು. ಎರಡು ಲಕ್ಷ ರೂಪಾಯಿ ಇಟ್ಟರೆ ವರ್ಷಕ್ಕೆ ಮೂರು ಸಾವಿರದ ವ್ಯತ್ಯಾಸ. ಸಣ್ಣ ಮೊತ್ತವೇನಲ್ಲ. ಆದರೆ ಅದೇ ಎರಡು ಲಕ್ಷ ಒಂದು ರಾತ್ರಿ ತುರ್ತಾಗಿ ಬೇಕಾಗಿ, ಖಾತೆಯಲ್ಲಿದ್ದೂ ಕೈಗೆ ಸಿಗದೆ ಹೋದರೆ ಆ ಮೂರು ಸಾವಿರ ಯಾವ ಸಮಾಧಾನವನ್ನೂ ಕೊಡುವುದಿಲ್ಲ. ಆದ್ದರಿಂದ ಇಲ್ಲಿ ಬಡ್ಡಿಯನ್ನು ಬದಿಗಿಟ್ಟು, ಹಣ ಹೊರಬರುವ ದಾರಿಗಳನ್ನು ಮಾತ್ರ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ.

ಮಿತಿ ಹಾಕಿದವರು ಯಾರು?

ಮೊಬೈಲಿನಲ್ಲಿ ‘ಮಿತಿ ಮೀರಿದೆ’ ಎಂಬ ಸಂದೇಶ ಬಂದ ಕೂಡಲೇ ಬ್ಯಾಂಕನ್ನು ಬೈಯುವವರೇ ಹೆಚ್ಚು. ಆ ಮಿತಿ ಬ್ಯಾಂಕಿನದೇ ಆಗಿರಬೇಕೆಂದಿಲ್ಲ. ಕಾನೂನು ಹಾಕಿದ ಮಿತಿ ಇದೆ, ಹಣ ಸಾಗಿಸುವ ವ್ಯವಸ್ಥೆ ಹಾಕಿದ ಮಿತಿ ಇದೆ, ಬ್ಯಾಂಕು ತಾನೇ ಹಾಕಿಕೊಂಡ ಮಿತಿ ಇದೆ, ಖಾತೆದಾರರೇ ಎಂದೋ ಆ್ಯಪ್‌ನಲ್ಲಿ ಹಾಕಿ ಮರೆತ ಮಿತಿಯೂ ಇರುತ್ತದೆ. ಮೊದಲ ಎರಡರ ಬಗ್ಗೆ ಶಾಖೆಯ ವ್ಯವಸ್ಥಾಪಕರ ಮುಂದೆ ಎಷ್ಟು ಗೋಗರೆದರೂ ಫಲವಿಲ್ಲ. ಕೊನೆಯ ಎರಡನ್ನು ಒಂದು ಅರ್ಜಿಯಿಂದಲೋ ಫೋನಿನ ಎರಡು ಒತ್ತುಗಳಿಂದಲೋ ಬದಲಿಸಬಹುದು. ಎದುರಿಗಿರುವ ಗೋಡೆ ಯಾರದ್ದೆಂದು ತಿಳಿದರೆ ಅರ್ಧ ಓಡಾಟ ತಪ್ಪುತ್ತದೆ.

ಯುಪಿಐಯನ್ನೇ ತೆಗೆದುಕೊಳ್ಳಿ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕಳುಹಿಸುವ ಹಣಕ್ಕೆ, ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ನಿಗದಿಪಡಿಸಿದ ಗರಿಷ್ಠ ಮಿತಿ ದಿನಕ್ಕೆ ಒಂದು ಲಕ್ಷ ರೂಪಾಯಿ. ಅದಕ್ಕಿಂತ ಕಡಿಮೆ ಮಿತಿ ಇಡುವ ಸ್ವಾತಂತ್ರ್ಯ ಬ್ಯಾಂಕಿಗೆ ಇದೆ, ಹೆಚ್ಚು ಇಡುವ ಸ್ವಾತಂತ್ರ್ಯ ಇಲ್ಲ. ಹಾಗಾಗಿ ಐವತ್ತು ಸಾವಿರಕ್ಕೇ ನಿಂತರೆ ಬ್ಯಾಂಕನ್ನು ಕೇಳಿ. ಒಂದು ಲಕ್ಷಕ್ಕೆ ನಿಂತರೆ ಬೇರೆ ದಾರಿ ಹಿಡಿಯಿರಿ.

ಮೊಬೈಲಿನಿಂದ ಕಳುಹಿಸುವಾಗ

ದಿನಸಿ, ಬಾಡಿಗೆ, ಊರಿಗೆ ಕಳುಹಿಸುವ ತಿಂಗಳ ಹಣ ಇವಕ್ಕೆಲ್ಲ ಯುಪಿಐ ಸಾಕು, ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಆದರೆ ಹೊಸ ಫೋನ್ ಕೊಂಡು ಯುಪಿಐಯನ್ನು ಮತ್ತೆ ನೋಂದಾಯಿಸಿದಾಗ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಹೋಗುವುದಿಲ್ಲ. ನಿಮ್ಮ ಸಿಮ್ ಕದ್ದವರು ತಮ್ಮ ಫೋನಿನಲ್ಲಿ ನಿಮ್ಮ ಖಾತೆ ತೆರೆದು ಬರಿದು ಮಾಡದಿರಲಿ ಎಂದು ಇಟ್ಟ ತಡೆ ಇದು. ಮಗಳ ಕಾಲೇಜಿನ ಶುಲ್ಕ ಕಟ್ಟುವ ಕೊನೆಯ ದಿನವೇ ಫೋನ್ ಬದಲಿಸಿದವರಿಗೆ ಇದರ ಬಿಸಿ ತಟ್ಟುತ್ತದೆ. ದೊಡ್ಡ ಪಾವತಿ ಹತ್ತಿರವಿದ್ದರೆ ಫೋನನ್ನೂ ಸಿಮ್ಮನ್ನೂ ಮುಟ್ಟಬೇಡಿ.

ಒಂದು ಲಕ್ಷ ದಾಟಿದ ಮೇಲೆ ಮೂರು ದಾರಿಗಳಿವೆ. ಐಎಂಪಿಎಸ್ ಮೂಲಕ ಒಂದು ಸಲಕ್ಕೆ ಐದು ಲಕ್ಷದವರೆಗೆ ಕಳುಹಿಸಬಹುದು. 2021ರವರೆಗೆ ಎರಡು ಲಕ್ಷವಿದ್ದ ಈ ಮಿತಿಯನ್ನು ರಿಸರ್ವ್ ಬ್ಯಾಂಕ್ ಏರಿಸಿತು. ಹಗಲು ರಾತ್ರಿ ಎನ್ನದೆ ಆ ಕ್ಷಣವೇ ತಲುಪುತ್ತದೆ. ಬ್ಯಾಂಕಿಗೆ ತಕ್ಕಂತೆ ಸ್ವಲ್ಪ ಶುಲ್ಕ ಇರಬಹುದು. ನೆಫ್ಟ್‌ಗೆ ರಿಸರ್ವ್ ಬ್ಯಾಂಕ್ ಕನಿಷ್ಠವನ್ನೂ ಇಟ್ಟಿಲ್ಲ, ಗರಿಷ್ಠವನ್ನೂ ಇಟ್ಟಿಲ್ಲ. 2019ರ ಡಿಸೆಂಬರ್‌ನಿಂದ ವಾರದ ಏಳು ದಿನ, 24 ಗಂಟೆಯೂ ನಡೆಯುತ್ತಿದೆ. ಅರ್ಧ ಗಂಟೆಗೊಮ್ಮೆ ಒಂದು ಕಂತಿನಂತೆ ದಿನಕ್ಕೆ 48 ಕಂತುಗಳಲ್ಲಿ ಹಣ ಸಾಗುತ್ತದೆ. ಕಂತು ಮುಗಿದ ಎರಡು ಗಂಟೆಯೊಳಗೆ ಪಡೆಯುವವರ ಖಾತೆಗೆ ಜಮೆಯಾಗಬೇಕು. ಉಳಿತಾಯ ಖಾತೆದಾರರು ಆನ್‌ಲೈನಿನಲ್ಲಿ ತಾವೇ ಮಾಡಿದರೆ ಶುಲ್ಕವಿಲ್ಲ. ಆರ್‌ಟಿಜಿಎಸ್ ದೊಡ್ಡ ಮೊತ್ತಕ್ಕೆಂದೇ ಇರುವುದು. ಎರಡು ಲಕ್ಷಕ್ಕಿಂತ ಕಡಿಮೆ ಮೊತ್ತವನ್ನು ಅದು ತೆಗೆದುಕೊಳ್ಳುವುದೇ ಇಲ್ಲ, ಮೇಲಕ್ಕೆ ಮಿತಿಯಿಲ್ಲ. ಹಣ ಬಂದ 30 ನಿಮಿಷದೊಳಗೆ ಎದುರು ಬ್ಯಾಂಕು ಜಮೆ ಮಾಡಬೇಕು.

‘ಮೇಲಕ್ಕೆ ಮಿತಿಯಿಲ್ಲ’ ಎಂಬ ಮಾತನ್ನು ನಂಬಿ ಮೊಬೈಲಿನಲ್ಲಿ ಹದಿನೈದು ಲಕ್ಷ ಕಳುಹಿಸಲು ಹೋದರೆ ಆಗದಿರಬಹುದು. ಮಿತಿಯಿಲ್ಲ ಎಂದದ್ದು ರಿಸರ್ವ್ ಬ್ಯಾಂಕ್. ಮೊಬೈಲ್ ಆ್ಯಪ್‌ಗೆ, ಇಂಟರ್‌ನೆಟ್ ಬ್ಯಾಂಕಿಂಗ್‌ಗೆ ನಿಮ್ಮ ಬ್ಯಾಂಕು ಬೇರೆ ಬೇರೆ ದಿನದ ಮಿತಿ ಇಟ್ಟಿರುತ್ತದೆ. ಹೊಸದಾಗಿ ಸೇರಿಸಿದ ಖಾತೆ ಸಂಖ್ಯೆಗೆ ಮೊದಲ ದಿನ ಇನ್ನೂ ಕಡಿಮೆ ಮೊತ್ತವನ್ನಷ್ಟೇ ಬಿಡುವ ಬ್ಯಾಂಕುಗಳೂ ಬಹಳ. ಆ ಮಿತಿ ದಾಟಬೇಕಾದರೆ ಶಾಖೆಗೆ ಹೋಗಿ ಚೆಕ್ ಕೊಟ್ಟು ಆರ್‌ಟಿಜಿಎಸ್ ಅರ್ಜಿ ತುಂಬುವುದೇ ದಾರಿ. ಅಲ್ಲಿ ಎರಡರಿಂದ ಐದು ಲಕ್ಷದವರೆಗೆ ಸುಮಾರು 25 ರೂಪಾಯಿ, ಅದಕ್ಕೂ ಮೇಲಾದರೆ ಸುಮಾರು 50 ರೂಪಾಯಿ, ಮೇಲೆ ಜಿಎಸ್‌ಟಿ. ಜೀವಮಾನದ ಉಳಿತಾಯ ಕೈಬದಲಾಗುವ ಹೊತ್ತಿನಲ್ಲಿ ಇದು ಖರ್ಚೇ ಅಲ್ಲ.

ನೆಫ್ಟ್, ಆರ್‌ಟಿಜಿಎಸ್ ಎರಡರಲ್ಲೂ ಹಣ ಸೇರುವುದು ಖಾತೆ ಸಂಖ್ಯೆಯನ್ನು ನೋಡಿ, ಹೆಸರನ್ನು ನೋಡಿ ಅಲ್ಲ. ಒಂದು ಅಂಕೆ ತಪ್ಪಿದರೆ ಅಪರಿಚಿತರ ಖಾತೆಗೆ ಹೋಗಿ ಕೂರುತ್ತದೆ. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ (ಶಾಖೆಯನ್ನು ಗುರುತಿಸುವ ಸಂಕೇತ) ಹಾಕಿದೊಡನೆ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ ಒಂದರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿತ್ತು. ಆ ಹೆಸರನ್ನು ಓದದೆ ಮುಂದಿನ ಗುಂಡಿ ಒತ್ತಬೇಡಿ.

ಆಸ್ಪತ್ರೆಯ ಕೌಂಟರಿನಲ್ಲಿ

ಮಿತಿಗಳ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ರಾತ್ರಿ ಒಂಬತ್ತೂವರೆ. ದಾಖಲಾತಿ ಕೌಂಟರಿನಲ್ಲಿ ಒಂದೂವರೆ ಲಕ್ಷ ಮುಂಗಡ ಕಟ್ಟಲು ಹೇಳಿದ್ದಾರೆ. ಆಸ್ಪತ್ರೆ ಮತ್ತು ಶಿಕ್ಷಣ ಸಂಸ್ಥೆಗಳಿಗೆ ಯುಪಿಐ ಮಿತಿ ಐದು ಲಕ್ಷ ಎಂದು ಓದಿದ ನೆನಪಿದೆ. ಅದು ನಿಜವೂ ಹೌದು. ಕ್ಯೂಆರ್ ಸ್ಕ್ಯಾನ್ ಮಾಡಿ, ಮೊತ್ತ ಹಾಕಿ, ಪಿನ್ ಒತ್ತಿದರೆ ಪಾವತಿ ವಿಫಲ. ಏಕೆಂದರೆ ಐದು ಲಕ್ಷದ ಮಿತಿ ಸಿಗುವುದು ಆ ಕ್ಯೂಆರ್ ಆಸ್ಪತ್ರೆಯ ವರ್ಗದಲ್ಲಿ ಪರಿಶೀಲಿತ ವ್ಯಾಪಾರಿ ಎಂದು ನೋಂದಣಿಯಾಗಿದ್ದರೆ ಮಾತ್ರ, ಅದೂ ನಿಮ್ಮ ಬ್ಯಾಂಕು ಮತ್ತು ಆ್ಯಪ್ ಎರಡೂ ಅದನ್ನು ಜಾರಿಗೆ ತಂದಿದ್ದರೆ. ಗಾಜಿಗೆ ಅಂಟಿಸಿದ ಆ ಹಾಳೆ ಒಳಗಿನ ಔಷಧದ ಅಂಗಡಿಯದ್ದೋ, ವೈದ್ಯರ ಸ್ವಂತ ಖಾತೆಯದ್ದೋ ಆಗಿದ್ದರೆ ಒಂದು ಲಕ್ಷಕ್ಕೇ ನಿಲ್ಲುತ್ತದೆ.

ಇಂಥ ಹೊತ್ತಿನಲ್ಲಿ ನಾನು ಮೊದಲು ಹೇಳುವುದು ಡೆಬಿಟ್ ಕಾರ್ಡನ್ನು ಯಂತ್ರಕ್ಕೆ ಹಾಕಿ ಎಂದು. ಕಾರ್ಡಿನಿಂದ ನಗದು ತೆಗೆಯುವ ಮಿತಿ ಬೇರೆ, ಯಂತ್ರದಲ್ಲಿ ಪಾವತಿಸುವ ಮಿತಿ ಬೇರೆ. ಎರಡನೆಯದು ಸಾಮಾನ್ಯವಾಗಿ ದೊಡ್ಡದು. ಉದಾಹರಣೆಗೆ ಕೆನರಾ ಬ್ಯಾಂಕ್ 2022ರ ಕೊನೆಯಲ್ಲಿ ತನ್ನ ಕ್ಲಾಸಿಕ್ ಕಾರ್ಡಿನ ಎಟಿಎಂ ಮಿತಿಯನ್ನು ದಿನಕ್ಕೆ 75,000ಕ್ಕೆ, ಪಾವತಿ ಮಿತಿಯನ್ನು ಎರಡು ಲಕ್ಷಕ್ಕೆ ಏರಿಸಿತು. ಪ್ಲಾಟಿನಂ ಕಾರ್ಡಿಗೆ ಅವು ಒಂದು ಲಕ್ಷ ಮತ್ತು ಐದು ಲಕ್ಷ. ನಿಮ್ಮ ಕೈಯಲ್ಲಿರುವ ಕಾರ್ಡ್ ಯಾವ ದರ್ಜೆಯದ್ದು, ಅದರ ಎರಡೂ ಮಿತಿ ಎಷ್ಟು ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಕಾರ್ಡ್ ನಡೆಯದಿದ್ದರೆ ಆಸ್ಪತ್ರೆಯ ಖಾತೆ ಸಂಖ್ಯೆ ಕೇಳಿ ಐಎಂಪಿಎಸ್ ಮಾಡಬಹುದು, ಹೊಸ ಖಾತೆಗೆ ಬ್ಯಾಂಕು ಅಷ್ಟು ಮೊತ್ತ ಬಿಟ್ಟರೆ. ಅದೂ ಆಗದಿದ್ದರೆ ಮನೆಯ ಇಬ್ಬರ ಫೋನುಗಳಿಂದ ಹಂಚಿ ಕಟ್ಟುವುದು. ಒಂದು ಮನೆಯಲ್ಲಿ ಕನಿಷ್ಠ ಇಬ್ಬರ ಹೆಸರಿನಲ್ಲಿ ಯುಪಿಐ ಇರಲಿ, ಅದೂ ಬೇರೆ ಬೇರೆ ಬ್ಯಾಂಕುಗಳದ್ದಿರಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಗದು ಬೇಕಾದಾಗ

ಎಟಿಎಂನಲ್ಲಿ ಎರಡು ಮಿತಿಗಳು ಒಟ್ಟಿಗೆ ಕೆಲಸ ಮಾಡುತ್ತವೆ: ಕಾರ್ಡಿನ ದಿನದ ಮಿತಿ ಮತ್ತು ಯಂತ್ರ ಒಂದು ಸಲಕ್ಕೆ ಕೊಡುವ ಮಿತಿ. ಬೇರೆ ಬ್ಯಾಂಕಿನ ಯಂತ್ರದಲ್ಲಿ ಬಹಳ ಕಡೆ ಒಂದು ಸಲಕ್ಕೆ ಹತ್ತು ಸಾವಿರ ಮಾತ್ರ. ಬೆಂಗಳೂರಿನಲ್ಲಿ ನಿಂತು ಹೀಗೆ ನಲವತ್ತು ಸಾವಿರ ತೆಗೆಯಬೇಕಾದರೆ ನಾಲ್ಕು ಸಲ ಕಾರ್ಡ್ ಹಾಕಬೇಕು. ಬೆಂಗಳೂರು ಮಹಾನಗರಗಳ ಪಟ್ಟಿಯಲ್ಲಿರುವುದರಿಂದ ಬೇರೆ ಬ್ಯಾಂಕಿನ ಯಂತ್ರದಲ್ಲಿ ತಿಂಗಳಿಗೆ ಉಚಿತ ಮೂರೇ ಸಲ. ನಾಲ್ಕನೆಯದಕ್ಕೆ 2025ರ ಮೇ ತಿಂಗಳಿನಿಂದ 23 ರೂಪಾಯಿವರೆಗೆ ಶುಲ್ಕ, ಜೊತೆಗೆ ತೆರಿಗೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಐದು ಸಲ ಉಚಿತ. ಸ್ವಂತ ಬ್ಯಾಂಕಿನ ಯಂತ್ರದಲ್ಲಿ ಎಲ್ಲ ಕಡೆಯೂ ಐದು. ಬಾಕಿ ಎಷ್ಟಿದೆ ಎಂದು ನೋಡಿದ್ದನ್ನೂ ಈ ಲೆಕ್ಕಕ್ಕೆ ಸೇರಿಸುತ್ತಾರೆ. ಬಾಕಿ ನೋಡಲು ಮಿಸ್ಡ್ ಕಾಲ್ ಸಾಕು. ಅದಕ್ಕಾಗಿ ಒಂದು ಉಚಿತ ಅವಕಾಶ ಕಳೆಯುವುದೇಕೆ?

ಯಂತ್ರ ನೋಟು ಕೊಡದೆ ಖಾತೆಯಿಂದ ಹಣ ಕಡಿತವಾದರೆ ಐದು ದಿನದೊಳಗೆ ಬ್ಯಾಂಕು ತಾನಾಗಿಯೇ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನೂ ಕೊಡಬೇಕು. 2019ರ ಈ ನಿಯಮ ಗೊತ್ತಿಲ್ಲದೆ ಎಷ್ಟೋ ಮಂದಿ ತಮಗೆ ಸಲ್ಲಬೇಕಾದದ್ದನ್ನು ಕೇಳುವುದೇ ಇಲ್ಲ. ಕೇಳಿ, ಬರವಣಿಗೆಯಲ್ಲಿ ಕೇಳಿ.

ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಕೆಲಸ ಮಾಡುವ ಬ್ಯಾಂಕ್ ಮಿತ್ರರ ಬಳಿ ಆಧಾರ್ ಮತ್ತು ಬೆರಳಚ್ಚಿನ ಮೂಲಕ ಹಣ ಪಡೆಯಬಹುದು. ಒಂದು ಸಲಕ್ಕೆ ಹತ್ತು ಸಾವಿರ. ಪಿಂಚಣಿ, ಗೃಹಲಕ್ಷ್ಮಿಯಂಥ ಮೊತ್ತಕ್ಕೆ ಇದು ಧಾರಾಳ ಸಾಕು. ಶಾಖಾ ಅಂಚೆ ಕಚೇರಿಯಲ್ಲಿ ದಿನಕ್ಕೆ 20,000 ತೆಗೆಯಬಹುದು. 2021ಕ್ಕೆ ಮೊದಲು ಅದು ಬರೀ ಐದು ಸಾವಿರವಿತ್ತು. ಅಂಚೆ ಎಟಿಎಂ ಕಾರ್ಡಿನಲ್ಲಿ ದಿನಕ್ಕೆ 25,000, ಒಂದು ಸಲಕ್ಕೆ 10,000.

ದೊಡ್ಡ ನಗದಿಗೆ ಬ್ಯಾಂಕಿನ ಕೌಂಟರೇ ಸರಿ. ಸ್ವಂತ ಶಾಖೆಯಲ್ಲಿ ಸೆಲ್ಫ್ ಚೆಕ್ ಬರೆದರೆ ಖಾತೆಯಲ್ಲಿರುವಷ್ಟನ್ನೂ ಕೇಳಬಹುದು. ಸಣ್ಣ ಊರಿನ ಶಾಖೆಯಾದರೆ ಹಿಂದಿನ ದಿನ ಒಂದು ಮಾತು ತಿಳಿಸಿ, ತಿಜೋರಿಯಲ್ಲಿ ಅಷ್ಟು ಇರಬೇಕಲ್ಲ. ಬೇರೆ ಶಾಖೆಯಲ್ಲಾದರೆ ಕಡಿಮೆ ಮಿತಿ. ಚೆಕ್ ಇಲ್ಲದೆ ಪಾಸ್‌ಬುಕ್ ಮತ್ತು ಹಣ ತೆಗೆಯುವ ಚೀಟಿ ಹಿಡಿದು ಹೋದರೆ ಅದಕ್ಕಿಂತಲೂ ಕಡಿಮೆ. ಖಾತೆ ಊರಿನಲ್ಲಿದ್ದು ನೀವು ಪಟ್ಟಣದಲ್ಲಿದ್ದರೆ ಚೆಕ್ ಪುಸ್ತಕ ತರಿಸಿಟ್ಟುಕೊಳ್ಳುವುದು ವಿವೇಕ. ಒಂದೇ ವರ್ಷದಲ್ಲಿ ಒಂದು ಕೋಟಿಗಿಂತ ಹೆಚ್ಚು ನಗದು ತೆಗೆದರೆ ಹೆಚ್ಚಿನ ಭಾಗಕ್ಕೆ ಶೇ 2ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ. ಸಾಮಾನ್ಯ ಸಂಸಾರಸ್ಥರಿಗೆ ಅದರ ಚಿಂತೆಯಿಲ್ಲ.

ಮದುವೆ ಮತ್ತು ನಿವೇಶನ

ಇಲ್ಲಿ ಕಾನೂನಿನ ಗೋಡೆ ಎದುರಾಗುತ್ತದೆ. ಬ್ಯಾಂಕಿನಿಂದ ನಿಮ್ಮ ಮೂರು ಲಕ್ಷ ನಗದನ್ನು ತೆಗೆಯಲು ಅಡ್ಡಿಯಿಲ್ಲ. ಆದರೆ ಕಲ್ಯಾಣ ಮಂಟಪದವರಾಗಲಿ, ಚಿನ್ನದ ಅಂಗಡಿಯವರಾಗಲಿ ಒಬ್ಬರಿಂದ ಒಂದು ದಿನ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ. ಒಂದೇ ಸಮಾರಂಭಕ್ಕೆ ಸೇರಿದ ಹಣವನ್ನು ನಾಲ್ಕು ದಿನಕ್ಕೆ ಹಂಚಿ ಕೊಟ್ಟರೂ ಅದನ್ನು ಒಟ್ಟುಗೂಡಿಸಿಯೇ ನೋಡುತ್ತಾರೆ. ದಂಡ ಬೀಳುವುದು ಪಡೆದವರಿಗೆ, ಅದೂ ಪಡೆದಷ್ಟೇ ಮೊತ್ತ. ಮನೆ, ನಿವೇಶನ, ಜಮೀನಿನ ವ್ಯವಹಾರದಲ್ಲಿ ನಿಯಮ ಇನ್ನೂ ಬಿಗಿ: ಮುಂಗಡವಾಗಿಯೇ ಆಗಲಿ 20,000 ರೂಪಾಯಿ ಅಥವಾ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ‘ಸ್ವಲ್ಪ ಕೈಯಲ್ಲೇ ಕೊಟ್ಟುಬಿಡಿ’ ಎನ್ನುವ ಮಾರಾಟಗಾರರಿಗೆ ಇಲ್ಲ ಎನ್ನಿ. ವ್ಯಾಜ್ಯ ಬಂದರೆ ಆ ಹಣ ಕೊಟ್ಟದ್ದಕ್ಕೆ ನಿಮ್ಮಲ್ಲಿ ಯಾವ ಸಾಕ್ಷಿಯೂ ಇರುವುದಿಲ್ಲ.

ನೋಂದಣಿಯ ದಿನಕ್ಕೆ ಆರ್‌ಟಿಜಿಎಸ್ ಮತ್ತು ಡಿಡಿ (ಹಣ ಮೊದಲೇ ಕಟ್ಟಿ ಬ್ಯಾಂಕಿನಿಂದ ಪಡೆಯುವ ಡಿಮ್ಯಾಂಡ್ ಡ್ರಾಫ್ಟ್) ನಡುವೆ ಆರಿಸಬೇಕಾಗುತ್ತದೆ. ಮಾರುವವರಿಗೆ ಡಿಡಿ ಹೆಚ್ಚು ಧೈರ್ಯ ಕೊಡುತ್ತದೆ. ಕಾಗದ ಕೈಗೆ ಬಂದ ಮೇಲೆ ಸಹಿ. ಕೊಳ್ಳುವವರಿಗೂ ಅದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಏನೋ ತೊಡಕಾಗಿ ನೋಂದಣಿ ಮುಂದೆ ಹೋದರೆ ಡಿಡಿ ನಿಮ್ಮ ಚೀಲದಲ್ಲೇ ಇರುತ್ತದೆ. ಆರ್‌ಟಿಜಿಎಸ್ ಮಾಡಿಬಿಟ್ಟ ಹಣವನ್ನು ಬ್ಯಾಂಕು ಹಿಂದಕ್ಕೆ ಎಳೆದು ಕೊಡುವುದಿಲ್ಲ. ಚೆಕ್ ಆದರೆ 50,000 ಮತ್ತು ಮೇಲಿನ ಮೊತ್ತದ ವಿವರವನ್ನು ಬ್ಯಾಂಕಿಗೆ ಮೊದಲೇ ತಿಳಿಸುವ ಪಾಸಿಟಿವ್ ಪೇ ವ್ಯವಸ್ಥೆ 2021ರಿಂದ ಇದೆ. ಐದು ಲಕ್ಷ ಮತ್ತು ಮೇಲಿನ ಚೆಕ್‌ಗಳಿಗೆ ಅದನ್ನು ಕಡ್ಡಾಯ ಮಾಡುವ ಅಧಿಕಾರ ಬ್ಯಾಂಕುಗಳಿಗಿದೆ. ತಿಳಿಸದೆ ಬರೆದ ಚೆಕ್ ಮರಳಿ ಬಂದರೆ ಮುಖಭಂಗ ನಿಮಗೇ.

ಯಾವ ಬಗೆಯ ಖಾತೆ

ಪೂರ್ಣ ಕೆವೈಸಿ (ಗುರುತು, ವಿಳಾಸದ ದಾಖಲೆಗಳ ಪರಿಶೀಲನೆ) ಇಲ್ಲದೆ ತೆರೆದ ‘ಸಣ್ಣ ಖಾತೆ’ಯ ಮಿತಿಗಳು ಎಲ್ಲಕ್ಕಿಂತ ಬಿಗಿ: ಬಾಕಿ 50,000 ದಾಟಬಾರದು, ವರ್ಷದ ಒಟ್ಟು ಜಮೆ ಒಂದು ಲಕ್ಷ ದಾಟಬಾರದು, ತಿಂಗಳಿಗೆ ತೆಗೆಯುವುದೂ ಕಳುಹಿಸುವುದೂ ಸೇರಿ ಹತ್ತು ಸಾವಿರ. ಸರ್ಕಾರದ ಸಹಾಯಧನಕ್ಕೆ ಬಾಕಿಯ ಮಿತಿಯಿಂದ ವಿನಾಯಿತಿ ಇದೆ. ಮಂಡಿಯಲ್ಲಿ ಅಡಿಕೆ ಮಾರಿ ಬಂದ ಹಣಕ್ಕೆ ಇಲ್ಲ. ಜನಧನ ಖಾತೆಗಳೆಲ್ಲ ಈ ವರ್ಗಕ್ಕೆ ಸೇರುವುದಿಲ್ಲ, ಕೆವೈಸಿ ಪೂರ್ಣಗೊಂಡಿದ್ದರೆ ಆ ಬೇಲಿ ಇರುವುದಿಲ್ಲ. ಆಧಾರ್ ಮತ್ತು ಪ್ಯಾನ್ ಹಿಡಿದು ಒಮ್ಮೆ ಶಾಖೆಗೆ ಹೋಗಿ ಬಂದರೆ ಮುಗಿಯುವ ಕೆಲಸಕ್ಕೆ ವರ್ಷಗಟ್ಟಲೆ ಕಷ್ಟಪಡುವವರಿದ್ದಾರೆ.

ಠೇವಣಿ ಪಡೆದರೂ ಸಾಲ ಕೊಡದ ಪೇಮೆಂಟ್ಸ್ ಬ್ಯಾಂಕಿನ ಖಾತೆಯಲ್ಲಿ ದಿನದ ಕೊನೆಗೆ ಎರಡು ಲಕ್ಷಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಖಾತೆಯನ್ನು ಅಂಚೆ ಉಳಿತಾಯ ಖಾತೆಗೆ ಜೋಡಿಸಿದರೆ ಹೆಚ್ಚಿನ ಹಣ ಅಲ್ಲಿಗೆ ಹರಿಯುತ್ತದೆ, ಹಳ್ಳಿಯ ಮನೆಗೆ ಇದು ಒಳ್ಳೆಯ ಜೋಡಿ. ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದೇ ಮಾತು: ಅಲ್ಲಿ ದುಡಿದು ಕಳುಹಿಸಿದ ಹಣವನ್ನು ಎನ್‌ಆರ್‌ಇ ಖಾತೆಯಲ್ಲಿಟ್ಟರೆ ಮರಳಿ ಒಯ್ಯಲು ಮಿತಿಯಿಲ್ಲ, ಊರಿನ ಬಾಡಿಗೆ, ತೋಟದ ಆದಾಯ ಸೇರುವ ಎನ್‌ಆರ್‌ಒ ಖಾತೆಯಿಂದ ಆರ್ಥಿಕ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ, ತೆರಿಗೆಯ ದಾಖಲೆಗಳೊಂದಿಗೆ.

ಇನ್ನು ಸಹಕಾರಿ ಬ್ಯಾಂಕುಗಳು. ಪರಿಚಿತ ಮುಖ, ಸ್ವಲ್ಪ ಹೆಚ್ಚು ಬಡ್ಡಿ, ಮನೆಯ ಹತ್ತಿರದ ಶಾಖೆ. ಜನ ಅಲ್ಲಿ ಹಣವಿಡುವುದಕ್ಕೆ ಕಾರಣಗಳಿವೆ, ಅವನ್ನು ಹಗುರವಾಗಿ ಕಾಣುವುದಿಲ್ಲ. ಆದರೆ 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಒಬ್ಬ ಠೇವಣಿದಾರರಿಗೆ ಸಿಗುತ್ತಿದ್ದುದು 35,000 ರೂಪಾಯಿ ಮಾತ್ರ. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟ ಹಿರಿಯರು ಎಷ್ಟೋ ಮಂದಿ. ಖಾಸಗಿ ವಲಯವೂ ಇದಕ್ಕೆ ಹೊರತಲ್ಲ: ಅದೇ ವರ್ಷ ಮಾರ್ಚ್ 5ರಂದು ಯೆಸ್ ಬ್ಯಾಂಕಿನಲ್ಲಿ 50,000ದ ಮಿತಿ ಬಿತ್ತು, ಮಾರ್ಚ್ 18ರಂದು ತೆರವಾಯಿತು. ಹದಿಮೂರು ದಿನಕ್ಕೂ, ವರ್ಷಗಟ್ಟಲೆ ಎಳೆಯುವುದಕ್ಕೂ ಅಜಗಜಾಂತರ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು, ಬಡ್ಡಿ ಸೇರಿ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. 2021ರ ತಿದ್ದುಪಡಿಯ ನಂತರ ಇಂಥ ನಿರ್ಬಂಧ ಬಿದ್ದ 90 ದಿನಗಳಲ್ಲಿ ಆ ಹಣ ಸಿಗಬೇಕು. ಸೌಹಾರ್ದ ಮತ್ತು ಪತ್ತಿನ ಸಹಕಾರಿ ಸಂಘಗಳು ಬ್ಯಾಂಕುಗಳಲ್ಲ. ಅವುಗಳಲ್ಲಿಟ್ಟ ಠೇವಣಿಗೆ ಈ ವಿಮೆ ಇಲ್ಲ. ಬೋರ್ಡಿನ ಮೇಲೆ ಏನಿದೆ ಎಂದು ನಿಧಾನವಾಗಿ ಓದಿ. ಬೇಕೆಂದಾಗ ಸಿಗಲೇಬೇಕಾದ ಹಣವನ್ನು ಅಲ್ಲಿ ಇಡಬೇಡಿ ಎಂದೇ ನನ್ನ ಸಲಹೆ.

ನಾನು ಆರಿಸುವುದು ಹೀಗೆ

ಎರಡು ಖಾತೆ. ಒಂದು ಯುಪಿಐಗೆ ಜೋಡಿಸಿದ್ದು. ಅದರಲ್ಲಿ ಒಂದೆರಡು ತಿಂಗಳ ಖರ್ಚಿನ ಹಣ ಮಾತ್ರ, ಮಿತಿಗಳನ್ನು ಬೇಕೆಂದೇ ಕೆಳಗಿಳಿಸಿಟ್ಟಿರಬೇಕು. ಕಾರ್ಡಿನ ಎಟಿಎಂ, ಅಂಗಡಿ, ಆನ್‌ಲೈನ್ ಬಳಕೆಯನ್ನು ಬೇರೆ ಬೇರೆಯಾಗಿ ನಿಲ್ಲಿಸುವ, ಮಿತಿ ಬದಲಿಸುವ ಸೌಲಭ್ಯವನ್ನು 2020ರಿಂದ ಎಲ್ಲ ಬ್ಯಾಂಕುಗಳೂ ಕೊಡಲೇಬೇಕಾಗಿದೆ. ಇನ್ನೊಂದು, ನಡೆದು ಹೋಗುವಷ್ಟು ದೂರದಲ್ಲಿ ಶಾಖೆಯಿರುವ ದೊಡ್ಡ ಬ್ಯಾಂಕಿನದ್ದು. ಅದನ್ನು ಯುಪಿಐಗೆ ಜೋಡಿಸಬೇಡಿ, ಚೆಕ್ ಪುಸ್ತಕ ಇರಲಿ. ‘ಡಿಜಿಟಲ್ ಬಂಧನ’ ಎಂದು ಹೆದರಿಸಿ ಹಣ ಕೀಳುವವರ ಕಾಲವಿದು. ದಿಗಿಲಿನಲ್ಲಿ ನಾವೇ ಪಿನ್ ಒತ್ತಿಬಿಟ್ಟ ಕ್ಷಣದಲ್ಲಿ ಕಡಿಮೆ ಮಿತಿಯೊಂದೇ ಅಡ್ಡ ನಿಲ್ಲುವುದು. ಹಣ ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಂತರ ಬ್ಯಾಂಕಿಗೆ ಬರೆದು ಕೊಡಿ.

ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರೆ ಅವರ ಖಾತೆ ಜಂಟಿಯಾಗಿರಲಿ, ಅದೂ ‘ಇಬ್ಬರಲ್ಲಿ ಒಬ್ಬರು ಅಥವಾ ಬದುಕಿರುವವರು’ ಎಂಬ ಷರತ್ತಿನಲ್ಲಿ. ‘ಇಬ್ಬರೂ ಸೇರಿ’ ಎಂದಿದ್ದರೆ ಒಬ್ಬರು ಹಾಸಿಗೆ ಹಿಡಿದ ದಿನ ಎಲ್ಲ ಮಿತಿಗಳೂ ಸೊನ್ನೆಗೆ ಬಂದಂತೆ. ಖಾತೆ ಒಬ್ಬರ ಹೆಸರಿನಲ್ಲೇ ಇದ್ದು, ಸಹಿ ಹಾಕಲಾಗದಷ್ಟು ಕಾಯಿಲೆಯಾದರೂ ದಾರಿ ಮುಚ್ಚಿಲ್ಲ. ಚೆಕ್ ಅಥವಾ ಹಣ ತೆಗೆಯುವ ಚೀಟಿಯ ಮೇಲೆ ಹೆಬ್ಬೆಟ್ಟಿನ ಗುರುತು ಹಾಕಿಸಿ, ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸ್ವತಂತ್ರ ಸಾಕ್ಷಿಗಳಿಂದ ದೃಢೀಕರಿಸಿದರೆ ಹಣ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. 70 ದಾಟಿದವರಿಗೆ ಮನೆಬಾಗಿಲಿನ ಸೇವೆ ಕೊಡಬೇಕೆಂದೂ 2017ರಲ್ಲಿ ಹೇಳಿದೆ. ಕೌಂಟರಿನಲ್ಲಿ ‘ಅವರೇ ಬರಬೇಕು’ ಎಂದರೆ ವಾದಕ್ಕಿಳಿಯದೆ ನೇರವಾಗಿ ವ್ಯವಸ್ಥಾಪಕರ ಬಳಿ ಹೋಗಿ ಈ ಸೂಚನೆಯನ್ನು ನೆನಪಿಸಿ, ಅರ್ಜಿ ಕೊಟ್ಟು ಅದರ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ.